ಒಂದು ಗಂಟೆಯ ಆಟಗಾರರು

ಕಂಪ್ಯೂಟರ್ ಆಟಗಳ ಇತಿಹಾಸ ಓದುವಾಗಲೆಲ್ಲ ನನಗೆ ಅಮ್ಮ ನೆನಪಾಗುತ್ತಾಳೆ. ಆ ಪುಸ್ತಕಗಳಲ್ಲಿ ಅವಳಂಥವರು ಇಲ್ಲ ಎನ್ನುವುದೇ ಅದಕ್ಕೆ ಕಾರಣ. ಅಲ್ಲಿ ಆಟ ಕಟ್ಟಿದವರಿದ್ದಾರೆ, ಕಂಪನಿಗಳಿವೆ, ಎಷ್ಟು ಪ್ರತಿ ಮಾರಾಟವಾಯಿತು ಎಂಬ ಲೆಕ್ಕವಿದೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಆಡಿದ ಹುಡುಗರಿದ್ದಾರೆ. ಮಧ್ಯಾಹ್ನದ ಅಡುಗೆ ಮುಗಿಸಿ ಬಂದು, ಬಣ್ಣದ ಹರಳುಗಳನ್ನು ಮೂರು ಮೂರಾಗಿ ಜೋಡಿಸುತ್ತ ಕೂತು, ‘ನಿಮ್ಮ ಉಚಿತ ಸಮಯ ಮುಗಿಯಿತು, ಮುಂದೆ ಆಡಲು ಕೊಂಡುಕೊಳ್ಳಿ’ ಎಂಬ ಕಿಟಕಿ ಬಂದಾಗ ಸೆರಗು ಸರಿಮಾಡಿಕೊಂಡು ಎದ್ದುಹೋದವರು ಇಲ್ಲ.

ನನ್ನ ಸಂಶೋಧನೆಯ ವಿಷಯ ಆಟಗಳಲ್ಲ. ಹಳೆಯ ಕನ್ನಡ ಪತ್ರಿಕೆಗಳ ಓದುಗರ ಬಗ್ಗೆ ಕೆಲಸ ಮಾಡುತ್ತಿದ್ದೇನೆ. ಅಲ್ಲಿಯೂ ಇದೇ ತೊಡಕು. ಚಂದಾದಾರರ ಹೆಸರು ಎಲ್ಲಾದರೂ ಸಿಕ್ಕೀತು. ಅದೇ ಪ್ರತಿಯನ್ನು ಎರವಲು ತಂದು ಓದಿದ ಹತ್ತು ಮನೆಗಳ ಸುಳಿವು ಸಿಗುವುದಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆ ನಮಗೆಲ್ಲ ಗೊತ್ತು. ಆ ಗಂಟು ಬಿಚ್ಚಿಸಿ, ನಾಲ್ಕು ಪುಟ ತಿರುವಿ, ‘ಈಗ ದುಡ್ಡಿಲ್ಲ ಸ್ವಾಮಿ’ ಎಂದು ವಾಪಸು ಕೊಟ್ಟವರಿಗೆ ಆ ನಾಲ್ಕು ಪುಟ ಹೇಗನ್ನಿಸಿತು ಎಂಬುದು ಯಾವ ದಾಖಲೆಯಲ್ಲೂ ಇಲ್ಲ. ಕೊಂಡವರು ಇತಿಹಾಸಕ್ಕೆ ಸೇರುತ್ತಾರೆ, ರುಚಿ ನೋಡಿದವರು ಸೇರುವುದಿಲ್ಲ.

ಡೌನ್‌ಲೋಡ್ ಮಾಡಿಕೊಂಡು ಆಡುವ ಆಟಗಳ ಚರಿತ್ರೆಯಲ್ಲಿ ಮಾತ್ರ ಈ ರುಚಿ ನೋಡುವವರಿಗೆ ಒಂದು ಸ್ಥಾನವಿತ್ತು. ಹಣ ಕೊಡುವ ಮೊದಲು ಅಭಿಪ್ರಾಯ ಕಟ್ಟಿಕೊಳ್ಳಲು ಅವರಿಗೆ ಗಡಿಯಾರ ನೋಡಿ ಅರವತ್ತು ನಿಮಿಷ ಕೊಡಲಾಗುತ್ತಿತ್ತು. ಆ ಅರವತ್ತು ನಿಮಿಷ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹುಡುಕುವುದು ಈ ಬರಹದ ಉದ್ದೇಶ.

*

1982ರಲ್ಲಿ ಅಮೆರಿಕದಲ್ಲಿ ಇಬ್ಬರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಬಗೆಯ ಯೋಚನೆ ಮಾಡಿದರು. ಆಂಡ್ರ್ಯೂ ಫ್ಲೂಗಲ್‌ಮನ್ ‘ಪಿಸಿ-ಟಾಕ್’ ಎಂಬ ತಂತ್ರಾಂಶ ಬರೆದರು, ಜಿಮ್ ನಾಫ್ ‘ಪಿಸಿ-ಫೈಲ್’ ಬರೆದರು. ಇಬ್ಬರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರಲಿಲ್ಲ. ಬೇಕಾದವರು ನಕಲು ಮಾಡಿಕೊಳ್ಳಿ, ಗೆಳೆಯರಿಗೂ ಕೊಡಿ, ಉಪಯೋಗಕ್ಕೆ ಬಂತು ಅನ್ನಿಸಿದರೆ ಇಷ್ಟು ಡಾಲರ್ ಕಳಿಸಿ ಎಂದರು. ಮರುವರ್ಷ ಬಾಬ್ ವ್ಯಾಲೇಸ್ ತಮ್ಮ ‘ಪಿಸಿ-ರೈಟ್’ ಅನ್ನು ಹೀಗೇ ಹಂಚಿದರು. ‘ಶೇರ್‌ವೇರ್’ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದ. ನಮಗೆ ಇದರಲ್ಲಿ ಹೊಸತೇನೂ ಕಾಣಬೇಕಿಲ್ಲ. ಹರಿಕಥೆಯ ನಡುವೆ ಮಂಗಳಾರತಿ ತಟ್ಟೆ ಸುತ್ತು ಬರುತ್ತದೆ. ಹಾಕಿದವರೂ ಹಾಕದವರೂ ಕೂತು ಉಳಿದ ಕಥೆ ಕೇಳುತ್ತಾರೆ.

ಆಟಗಳಲ್ಲಿ ಈ ತಟ್ಟೆ ಅಷ್ಟು ತುಂಬಲಿಲ್ಲ. ಟೆಕ್ಸಾಸ್‌ನ ಸ್ಕಾಟ್ ಮಿಲ್ಲರ್ ಮೊದಲು ತಮ್ಮ ಆಟಗಳನ್ನು ಹೀಗೆ ಹಂಚಿ ಹೆಚ್ಚೇನೂ ಕಾಣಲಿಲ್ಲ. 1987ರಲ್ಲಿ ‘ಕ್ರೋಜ್’ ಆಟಕ್ಕೆ ಬೇರೆ ದಾರಿ ಹಿಡಿದರು. ಆಟವನ್ನು ಭಾಗಗಳಾಗಿ ಒಡೆದು ಮೊದಲ ಭಾಗವನ್ನು ಪುಕ್ಕಟೆ ಬಿಟ್ಟರು, ಉಳಿದ ಭಾಗಗಳಿಗೆ ಬೆಲೆ ಇಟ್ಟರು. ಕೃತಜ್ಞತೆಗೆ ದುಡ್ಡು ಕಳಿಸದವರು ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಕಳಿಸಿದರು. ಧಾರಾವಾಹಿ ನಡೆಸಿದ ಯಾವ ಪತ್ರಿಕೆಯ ಸಂಪಾದಕರಿಗೂ ಈ ಗುಟ್ಟು ಹೇಳಿಕೊಡಬೇಕಿಲ್ಲ. ಮಿಲ್ಲರ್ ಅವರ ಅಪೋಜೀ ಕಂಪನಿಯ ಮೂಲಕವೇ 1990ರಲ್ಲಿ ‘ಕಮ್ಯಾಂಡರ್ ಕೀನ್’, 1992ರಲ್ಲಿ ‘ವುಲ್ಫೆನ್‌ಸ್ಟೈನ್ 3ಡಿ’ ಬಂದವು. ಅವೆರಡನ್ನೂ ಕಟ್ಟಿದ ಐಡಿ ಸಾಫ್ಟ್‌ವೇರ್ ತಂಡ 1993ರ ಡಿಸೆಂಬರ್ 10ರಂದು ‘ಡೂಮ್’ ಆಟದ ಮೊದಲ ಭಾಗವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರ್‌ಗೆ ಏರಿಸಿತು. ಅಲ್ಲಿಂದ ಅದು ಲೋಕವೆಲ್ಲ ಹಬ್ಬಿತು.

ಆಟದ ಇತಿಹಾಸಕಾರರು ಸಾಮಾನ್ಯವಾಗಿ ಇಲ್ಲಿಂದ ಬಂದೂಕಿನ ಹಾದಿ ಹಿಡಿಯುತ್ತಾರೆ. ಬಿಡುವಿನಲ್ಲಿ ಆಡುವವರ ಹಾದಿ ಇನ್ನೊಂದು ಕಡೆ ಶುರುವಾಗಿತ್ತು. 1990ರಲ್ಲಿ ಮೈಕ್ರೋಸಾಫ್ಟ್‌ನ ‘ವಿಂಡೋಸ್ 3.0’ ಜೊತೆಗೆ ‘ಸಾಲಿಟೇರ್’ ಇಸ್ಪೀಟಾಟ ಬಂತು. ಅದನ್ನು ಬರೆದ ವೆಸ್ ಚೆರಿ ಆಗ ಅಲ್ಲಿ ಇಂಟರ್ನ್ ಆಗಿದ್ದರು. ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ಜಗತ್ತಿನ ಕಚೇರಿಗಳಲ್ಲೆಲ್ಲ ಆಡಿದ ಆ ಆಟಕ್ಕೆ ಚೆರಿಯವರಿಗೆ ರಾಯಲ್ಟಿ ಸಿಗಲಿಲ್ಲ. ಮೌಸ್ ಹಿಡಿದು ಎಳೆದು ಬಿಡುವುದನ್ನು ಜನರಿಗೆ ರೂಢಿ ಮಾಡಿಸಿದ್ದು ಈ ಆಟ ಎನ್ನುವ ಮಾತಿದೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಬಂದ ಹೊಸತರಲ್ಲಿ ಏನಾದರೂ ಕೇಳಲು ಹೋದವರು ಗುಮಾಸ್ತರ ಪರದೆಯ ಮೇಲೆ ಏನು ಕಂಡಿದ್ದರು ಎಂಬುದನ್ನು ನೆನೆಸಿಕೊಂಡರೆ ಈ ಮಾತು ನಂಬಬಹುದು ಅನ್ನಿಸುತ್ತದೆ.

*

2000ದಲ್ಲಿ ಜಾನ್ ವೆಚಿ, ಬ್ರಯನ್ ಫಿಯೆಟಿ, ಜೇಸನ್ ಕಪಲ್ಕ ಎಂಬ ಮೂವರು ಸೇರಿ, ಮುಂದೆ ‘ಪಾಪ್‌ಕ್ಯಾಪ್’ ಎಂದು ಹೆಸರಾದ ಕಂಪನಿಯನ್ನು ಸಿಯಾಟಲ್‌ನಲ್ಲಿ ಕಟ್ಟಿದರು. ಅಕ್ಕಪಕ್ಕದ ಎರಡು ಹರಳುಗಳನ್ನು ಅದಲುಬದಲು ಮಾಡಿ ಒಂದೇ ಬಣ್ಣದ ಮೂರನ್ನು ಸಾಲಾಗಿಸುವುದು ಅವರ ಆಟ. ‘ಡೈಮಂಡ್ ಮೈನ್’ ಎಂದಿದ್ದ ಅದು ಮೈಕ್ರೋಸಾಫ್ಟ್‌ನ ಆಟದ ತಾಣದಲ್ಲಿ ‘ಬಿಜುವೆಲ್ಡ್’ ಆಯಿತು. ಯೋಚನೆ ಪೂರ್ತಿ ಹೊಸದಲ್ಲ. 1994ರಲ್ಲೇ ರಷ್ಯಾದ ಯೆವ್ಗೆನಿ ಅಲೆಮ್‌ಜಿನ್ ‘ಶಾರಿಕಿ’ ಎಂಬ ಇಂಥದೇ ಆಟ ಬರೆದಿದ್ದರು.

ಆಗಷ್ಟೇ ಡಾಟ್‌ಕಾಮ್ ಗುಳ್ಳೆ ಒಡೆದಿತ್ತು. ಜಾಲತಾಣಗಳ ಜಾಹೀರಾತಿನ ಹಣ ಬತ್ತಿತ್ತು. ಪುಕ್ಕಟೆ ಆಡಿಸಿ ಜಾಹೀರಾತಿನಿಂದ ಬದುಕುವುದು ಆಗದ ಮಾತಾದಾಗ, ಇಳಿಸಿಕೊಂಡು ಆಡುವ ‘ಡೀಲಕ್ಸ್’ ಆವೃತ್ತಿ ಮಾಡಿ ಸುಮಾರು 20 ಡಾಲರ್ ಬೆಲೆ ಇಟ್ಟರು. ಸಾಮಾನ್ಯರು ಇಷ್ಟು ಸಣ್ಣ ಆಟಕ್ಕೆ ಅಷ್ಟು ಕೊಡುತ್ತಾರೆಯೇ? ರುಚಿ ನೋಡಿದ ಮೇಲೆ ಕೆಲವರು ಕೊಟ್ಟರು. ರಿಯಲ್‌ನೆಟ್‌ವರ್ಕ್ಸ್‌ನ ‘ರಿಯಲ್‌ಆರ್ಕೇಡ್’, 2002ರಲ್ಲಿ ಸಿಯಾಟಲ್‌ನಲ್ಲೇ ಶುರುವಾದ ‘ಬಿಗ್ ಫಿಶ್ ಗೇಮ್ಸ್’ ಮುಂತಾದ ಆನ್‌ಲೈನ್ ಅಂಗಡಿಗಳು ಈ ಪದ್ಧತಿಯನ್ನು ನೆಲೆಗೊಳಿಸಿದವು. ಪೂರ್ತಿ ಆಟ ಇಳಿಸಿಕೊಳ್ಳಿ, ಅರವತ್ತು ನಿಮಿಷ ಆಡಿ, ಆಮೇಲೆ ತೀರ್ಮಾನಿಸಿ. ಇಳಿಸಿಕೊಂಡ ನೂರರಲ್ಲಿ ಒಬ್ಬಿಬ್ಬರು ಕೊಂಡರೂ ವ್ಯಾಪಾರ ನಡೆಯುತ್ತದೆ ಎನ್ನುವುದು ಆ ಉದ್ಯಮದವರ ಲೆಕ್ಕವಾಗಿತ್ತು. ಕೊಳ್ಳುವವರಲ್ಲಿ ಬಹುಪಾಲು ನಡುವಯಸ್ಸಿನ ಹೆಂಗಸರು ಎನ್ನುವುದೂ ಅವರಿಗೆ ಬೇಗ ಗೊತ್ತಾಯಿತು. ಆಟವೆಂದರೆ ಹುಡುಗರದು ಎಂದುಕೊಂಡಿದ್ದ ಕಾಲದಲ್ಲಿ ಇದೊಂದು ಸಣ್ಣ ಆಘಾತ.

ನೂರರಲ್ಲಿ ಒಬ್ಬಿಬ್ಬರು ಕೊಂಡರು ಎಂದರೆ ಉಳಿದ ತೊಂಬತ್ತೆಂಟು ಜನ ಆಡಿ, ಅಳೆದು, ಬೇಡವೆಂದರು ಅಥವಾ ಬೇಕಿದ್ದರೂ ಕೊಡಲಾಗದೆ ಬಿಟ್ಟರು. ಈ ತೊಂಬತ್ತೆಂಟರಲ್ಲಿ ನಾವಿದ್ದೆವು.

*

2006ರ ಸುಮಾರಿಗೆ ಅರಸೀಕೆರೆಯ ನಮ್ಮ ಮನೆಗೆ ಕಂಪ್ಯೂಟರ್ ಬಂತು. ನಾನು ಮೂರನೇ ಕ್ಲಾಸು. ‘ಮಗಳ ಓದಿಗೆ’ ಎಂದು ಅಪ್ಪ ನಾಲ್ಕು ಜನರ ಹತ್ತಿರ ಹೇಳಿಕೊಂಡು ತಂದ ಸೆಕೆಂಡ್ ಹ್ಯಾಂಡ್ ಯಂತ್ರ ಅದು. ಇಂಟರ್‌ನೆಟ್ ಇರಲಿಲ್ಲ. ಬಿಎಸ್‌ಎನ್‌ಎಲ್‌ನ ‘ಡೇಟಾ ಒನ್’ ಬ್ರಾಡ್‌ಬ್ಯಾಂಡ್ 2005ರ ಜನವರಿಯಲ್ಲೇ ಆರಂಭವಾಗಿತ್ತಾದರೂ ನಮ್ಮ ಬೀದಿಗೆ ಅದು ಬರಲು ಕೆಲವು ವರ್ಷ ಹಿಡಿಯಿತು. ಸೈಬರ್ ಕೆಫೆಯ ಡಯಲ್‌ಅಪ್‌ನಲ್ಲಿ ಐದು ಮೆಗಾಬೈಟಿನ ಆಟ ಇಳಿಯಲು ಕಾಲು ಗಂಟೆಯ ಮೇಲೆ ಬೇಕು, ಗಂಟೆಗಿಷ್ಟೆಂದು ದುಡ್ಡು ಬೇರೆ. ಹಾಗಾಗಿ ‘ಡೌನ್‌ಲೋಡ್ ಆಟ’ ನಮಗೆ ಡೌನ್‌ಲೋಡ್ ಆಗಿ ಬರಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಾವ ಹಬ್ಬಕ್ಕೆ ಬರುವಾಗ ತರುತ್ತಿದ್ದ ಸಿಡಿಗಳಲ್ಲಿ ಬಂತು. ‘ಡಿಜಿಟ್’ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳವು. ತಂತ್ರಾಂಶಗಳ ನಡುವೆ ಆಟಗಳ ಟ್ರಯಲ್‌ಗಳೂ ತುಂಬಿರುತ್ತಿದ್ದವು. ಮುಂದೆ ಬ್ರಾಡ್‌ಬ್ಯಾಂಡ್ ಬಂದಾಗ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲದೆ ಇಳಿಸಿಕೊಳ್ಳಬಹುದಿತ್ತು. ಅಲಾರಾಂ ಇಟ್ಟು ಎರಡಕ್ಕೆ ಎದ್ದು, ಡೌನ್‌ಲೋಡಿಗೆ ಹಚ್ಚಿ ಮತ್ತೆ ಮಲಗಿದವರು ನನ್ನ ವಾರಗೆಯಲ್ಲಿ ಬಹಳ ಜನರಿದ್ದಾರೆ.

ನಮ್ಮಲ್ಲಿ ಶೇರ್‌ವೇರ್ ಯಾವುದು, ಕದ್ದದ್ದು ಯಾವುದು ಎಂಬ ಗೆರೆ ಯಾರಿಗೂ ಕಾಣುತ್ತಿರಲಿಲ್ಲ. ಶಾಲೆಯ ಲ್ಯಾಬುಗಳಲ್ಲಿ ಒಂದು ತಲೆಮಾರೇ ಆಡಿದ ‘ಪ್ರಿನ್ಸ್ ಆಫ್ ಪರ್ಷಿಯಾ’, ‘ಡೇಂಜರಸ್ ಡೇವ್’ ಎರಡೂ ಹಣ ಕೊಟ್ಟು ಕೊಳ್ಳಬೇಕಿದ್ದ ಆಟಗಳು. ಅವು ಫ್ಲಾಪಿಯಿಂದ ಫ್ಲಾಪಿಗೆ ನಕಲಾಗಿ ಬಂದವು. ಅರವತ್ತು ನಿಮಿಷದ ಆಟಗಳಿಗೂ ‘ಕ್ರ್ಯಾಕ್’ ಎಂಬ ಬೀಗದಕೈ ಪೆನ್‌ಡ್ರೈವ್‌ಗಳಲ್ಲಿ ಓಡಾಡುತ್ತಿತ್ತು. ಇದನ್ನು ಬಡವರ ಬಂಡಾಯ ಎಂದು ವೈಭವೀಕರಿಸುವ ಮನಸ್ಸು ನನಗಿಲ್ಲ. ಆಟ ಕಟ್ಟಿದವರಿಗೆ ಅದರಿಂದ ನಷ್ಟವೇ. ಆದರೆ 20 ಡಾಲರ್ ಎಂದರೆ ಆಗ ಒಂಬೈನೂರು ರೂಪಾಯಿ, ಅದನ್ನು ಕೊಡಲು ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡ್ ಬೇಕು. ನಮ್ಮ ಬೀದಿಯಲ್ಲಿ ಯಾರ ಹತ್ತಿರವೂ ಅಂಥ ಕಾರ್ಡ್ ಇರಲಿಲ್ಲ. ಅಂಗಡಿ ನಮ್ಮನ್ನು ಗಿರಾಕಿ ಎಂದು ಎಣಿಸಿಯೇ ಇರಲಿಲ್ಲ.

ಕ್ರ್ಯಾಕ್ ಹಾಕಿಕೊಡಲು ಪಕ್ಕದ ಮನೆಯ ಅಣ್ಣ ತಯಾರಿದ್ದ. ಅಮ್ಮ ಬೇಡವೆಂದಳು. ‘ಒಂದು ಗಂಟೆ ಅಂತ ಕೊಟ್ಟವ್ರೆ, ಒಂದು ಗಂಟೆ ಆಡಿದ್ರೆ ಆಯ್ತು ಬಿಡೇ’ ಎಂದಳು. ಕಂಪ್ಯೂಟರಿಗೆ ವೈರಸ್ ಬಂದೀತೆಂಬ ಭಯವೂ ಅದರಲ್ಲಿ ಸೇರಿತ್ತು.

*

ಆ ಒಂದು ಗಂಟೆಯನ್ನು ಅವಳು ಚೌಕಾಸಿ ಮಾಡಿ ಖರ್ಚು ಮಾಡುತ್ತಿದ್ದಳು. ಆಟ ತೆರೆದಿದ್ದಾಗ ಮಾತ್ರ ಗಡಿಯಾರ ಓಡುತ್ತದೆ ಎಂದು ಎರಡನೇ ದಿನವೇ ಕಂಡುಕೊಂಡಳು. ದಿನಕ್ಕೆ ಹತ್ತು ನಿಮಿಷ. ಕುಕ್ಕರ್ ಕೂಗಿದರೆ ಆಟ ಮುಚ್ಚಿಯೇ ಏಳಬೇಕು. ಒಂದು ಆಟ ಒಂದು ವಾರ ಬರುತ್ತಿತ್ತು. ಗಂಟೆ ಮುಗಿಯುವ ಹೊತ್ತಿಗೆ ಅವಳಿಗೆ ಆ ಆಟದ ಬಗ್ಗೆ ಒಂದು ಖಚಿತ ಅಭಿಪ್ರಾಯ ಇರುತ್ತಿತ್ತು.

‘ಬಿಜುವೆಲ್ಡ್’ನಲ್ಲಿ ಎರಡು ಬಗೆಯಿವೆ. ಒಂದರಲ್ಲಿ ಸಮಯ ಕರಗುತ್ತ ಹೋಗುತ್ತದೆ, ಇನ್ನೊಂದರಲ್ಲಿ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಅಮ್ಮನಿಗೆ ಎರಡನೆಯದೇ ಬೇಕು. ‘ಬೆಳಗ್ಗೆಯಿಂದ ಗಡಿಯಾರ ನೋಡ್ಕೊಂಡೇ ಓಡ್ತೀನಿ. ಇಲ್ಲೂ ಓಡ್ಬೇಕಾ?’ 2004ರ ‘ಡೈನರ್ ಡ್ಯಾಶ್’ನಲ್ಲಿ ಫ್ಲೋ ಎಂಬ ಹುಡುಗಿ ಷೇರು ಪೇಟೆಯ ಕೆಲಸ ಬಿಟ್ಟು ಹೋಟೆಲ್ ತೆರೆಯುತ್ತಾಳೆ. ಗಿರಾಕಿಗಳನ್ನು ಕೂರಿಸಬೇಕು, ಕೇಳಿದ್ದು ತಂದುಕೊಡಬೇಕು, ಟೇಬಲ್ ಒರೆಸಬೇಕು, ತಡವಾದರೆ ಅವರು ಸಿಟ್ಟಿನಿಂದ ಎದ್ದುಹೋಗುತ್ತಾರೆ. ಅಮೆರಿಕದ ಹೆಂಗಸರು ಮುಗಿಬಿದ್ದು ಆಡಿದ ಈ ಆಟವನ್ನು ಅಮ್ಮ ಕಾಲು ಗಂಟೆಗೆ ಬಿಟ್ಟಳು. ‘ಬಡಿಸೋದು, ತಟ್ಟೆ ಎತ್ತೋದು, ಒರೆಸೋದು. ಇದನ್ನ ಆಡೋಕೆ ಕಂಪ್ಯೂಟರ್ ಯಾಕೆ? ನಿಮ್ಮಪ್ಪನಿಗೆ ಆಡೋಕೆ ಹೇಳು.’ ಆ ಆಟದ ಬಗ್ಗೆ ಆಮೇಲೆ ನಾನು ಹಲವು ಲೇಖನ ಓದಿದ್ದೇನೆ. ಹೆಂಗಸರ ಮನೆಗೆಲಸವೇ ಅವರ ಬಿಡುವಿನ ಆಟವೂ ಆದದ್ದನ್ನು ವಿದ್ವಾಂಸರು ದೀರ್ಘವಾಗಿ ಚರ್ಚಿಸಿದ್ದಾರೆ. ಅಮ್ಮ ಹದಿನೈದು ನಿಮಿಷದಲ್ಲಿ ಹೇಳಿದ್ದಕ್ಕಿಂತ ಬಹಳ ಮುಂದೆ ಹೋದದ್ದು ನನಗೆ ಕಾಣಲಿಲ್ಲ.

2005ರ ಕೊನೆಗೆ ಬಿಗ್ ಫಿಶ್ ತಂದ ‘ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್’ ಇನ್ನೊಂದು ಜಾತಿಯ ಆಟ. ಸಾಮಾನು ತುಂಬಿದ ಕೋಣೆಯ ಚಿತ್ರ, ಪಕ್ಕದಲ್ಲಿ ಹೆಸರುಗಳ ಪಟ್ಟಿ. ಪಟ್ಟಿಯಲ್ಲಿದ್ದುದನ್ನು ಚಿತ್ರದಲ್ಲಿ ಹುಡುಕಬೇಕು. ಇಂಥ ಆಟಗಳು ಅಮ್ಮನಿಗೆ ಇಷ್ಟವಾದವು, ಜೊತೆಗೇ ಸಿಟ್ಟೂ ತರಿಸಿದವು. ಕಣ್ಣೆದುರೇ ಇರುವ ವಸ್ತುವಿನ ಇಂಗ್ಲಿಷ್ ಹೆಸರು ಗೊತ್ತಿಲ್ಲ. ಹೆಸರು ಗೊತ್ತಾದರೂ ಆ ವಸ್ತು ಹೇಗಿರುತ್ತದೆ ಗೊತ್ತಿಲ್ಲ. ನಾನು ಪಕ್ಕದಲ್ಲಿ ಡಿಕ್ಷನರಿ ಹಿಡಿದು ಕೂರುತ್ತಿದ್ದೆ. ಕಂಡಿದ್ದನ್ನು ಹೇಳಲಾಗದ, ಹೇಳಿದ್ದನ್ನು ಕಾಣಲಾಗದ ಆ ಅಮೆರಿಕದ ಅಟ್ಟಗಳಲ್ಲಿ ಗಂಟೆಯ ಅರ್ಧ ಡಿಕ್ಷನರಿ ತಿರುವುವುದರಲ್ಲೇ ಹೋಗುತ್ತಿತ್ತು. ‘ನಮ್ಮ ಅಡುಗೆಮನೆ ಚಿತ್ರ ಹಾಕಿ ಒಂದು ಆಟ ಮಾಡ್ಲಿ. ಒಬ್ಬಟ್ಟಿನ ಮಣೆ, ಶಾವಿಗೆ ಒರಳು ಹುಡುಕಿಸ್ಲಿ. ನಾನೇ ಫಸ್ಟ್’ ಎಂದಿದ್ದಳು.

ಆಟಗಳ ನಕಲಿನ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಪಾಪ್‌ಕ್ಯಾಪ್‌ನ ‘ಜೂಮಾ’ ಜಪಾನಿನ ಮಿಚೆಲ್ ಕಂಪನಿಯ 1998ರ ‘ಪಜ್ ಲೂಪ್’ ಆಟವನ್ನು ಹೋಲುತ್ತದೆ ಎಂದು ದೊಡ್ಡ ವಾದವೇ ನಡೆದಿತ್ತು. ಹರಳು ಜೋಡಿಸುವ ಆಟಗಳಂತೂ ಅಣಬೆಗಳ ಹಾಗೆ ಎದ್ದಿದ್ದವು. ಅವಳು ಎಲ್ಲವನ್ನೂ ಒಂದೊಂದು ಗಂಟೆ ಆಡಿದಳು. ‘ಹಿಟ್ಟು ಒಂದೇ, ಕಾವಲಿ ಬೇರೆ’ ಎಂಬುದು ಅವಳ ತೀರ್ಪು. ಚೆನ್ನಾಗಿ ಬೆಂದಿದೆಯೋ ಇಲ್ಲವೋ ಅಷ್ಟೇ ಅವಳ ಪ್ರಶ್ನೆ.

*

ಈ ಅರವತ್ತು ನಿಮಿಷದ ಪದ್ಧತಿ ಬಹಳ ಕಾಲ ಬಾಳಲಿಲ್ಲ. ಸ್ಪರ್ಧೆಯಲ್ಲಿ ಬೆಲೆ 20 ಡಾಲರಿನಿಂದ 7 ಡಾಲರಿನ ಹತ್ತಿರಕ್ಕೆ ಇಳಿಯಿತು. 2009ರ ಜೂನ್‌ನಲ್ಲಿ ಫೇಸ್‌ಬುಕ್‌ನಲ್ಲಿ ‘ಫಾರ್ಮ್‌ವಿಲ್’ ಬಂತು, 2012ರಲ್ಲಿ ‘ಕ್ಯಾಂಡಿ ಕ್ರಶ್ ಸಾಗಾ’ ಬಂತು. ಆಡಲು ದುಡ್ಡು ಬೇಡ, ಗಡಿಯಾರವಿಲ್ಲ. ನಡುನಡುವೆ ಜೀವ ಮುಗಿಯುತ್ತದೆ, ಕಾಯಬೇಕು ಅಥವಾ ಕೊಳ್ಳಬೇಕು. ಬದಲಾವಣೆ ಎಷ್ಟೆಂದು ಒಂದೇ ಆಟದ ಎರಡು ಭಾಗಗಳಲ್ಲಿ ಕಾಣಬಹುದು. 2009ರ ‘ಪ್ಲಾಂಟ್ಸ್ ವರ್ಸಸ್ ಜಾಂಬೀಸ್’ ಒಮ್ಮೆ ಕೊಂಡರೆ ಮುಗಿಯಿತು. ನಡುವೆ 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಪಾಪ್‌ಕ್ಯಾಪ್ ಅನ್ನು 65 ಕೋಟಿ ಡಾಲರ್ ನಗದು ಮತ್ತು 10 ಕೋಟಿ ಡಾಲರಿನ ಷೇರು ಕೊಟ್ಟು ಕೊಂಡಿತು. 2013ರ ಎರಡನೇ ಭಾಗ ಪುಕ್ಕಟೆಯಾಗಿ ಬಂತು, ಒಳಗೆ ಅಂಗಡಿ ಇಟ್ಟುಕೊಂಡು.

ಬಿಗ್ ಫಿಶ್‌ನ ಕಥೆ ಇನ್ನೂ ಸ್ಪಷ್ಟ. 2014ರಲ್ಲಿ ಅದನ್ನು 88.5 ಕೋಟಿ ಡಾಲರ್‌ವರೆಗಿನ ಮೊತ್ತಕ್ಕೆ ಕೊಳ್ಳಲು ಒಪ್ಪಂದ ಮಾಡಿಕೊಂಡದ್ದು ಚರ್ಚಿಲ್ ಡೌನ್ಸ್, ಅಂದರೆ ಕೆಂಟಕಿಯ ಕುದುರೆ ರೇಸು ನಡೆಸುವ ಕಂಪನಿ. 2018ರಲ್ಲಿ 99 ಕೋಟಿ ಡಾಲರಿಗೆ ಅದನ್ನು ಕೊಂಡದ್ದು ಅರಿಸ್ಟೋಕ್ರಾಟ್, ಆಸ್ಟ್ರೇಲಿಯಾದ ಜೂಜಿನ ಯಂತ್ರಗಳ ಕಂಪನಿ. ಅದೇ ವರ್ಷ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ‘ಬಿಗ್ ಫಿಶ್ ಕ್ಯಾಸಿನೊ’ ಆ್ಯಪ್‌ನ ಬಿಲ್ಲೆಗಳು ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಬೆಲೆಯುಳ್ಳ ವಸ್ತುಗಳೇ ಎಂದಿತು. 2020ರಲ್ಲಿ ಪ್ರಕರಣ 15.5 ಕೋಟಿ ಡಾಲರಿಗೆ ರಾಜಿಯಾಯಿತು. ಒಂದು ಗಂಟೆ ಆಡಿ ನೋಡಿ, ಬೇಡದಿದ್ದರೆ ಬಿಡಿ ಎಂದಿದ್ದ ಅಂಗಡಿ ಹನ್ನೆರಡು ವರ್ಷದಲ್ಲಿ ರೇಸಿನವರ ಕೈ ಸೇರಿತ್ತು.

ಹಳೆಯ ಪದ್ಧತಿಯಲ್ಲಿ ದಯೆ ತುಂಬಿತ್ತು ಎಂದು ನಾನು ಹೇಳುತ್ತಿಲ್ಲ. ಅದೂ ವ್ಯಾಪಾರವೇ, ಅರವತ್ತನೇ ನಿಮಿಷ ಬರುವ ಹೊತ್ತಿಗೆ ಚಟ ಹತ್ತಿರಬೇಕು ಎಂಬ ಲೆಕ್ಕ ಅಲ್ಲೂ ಇತ್ತು. ಆದರೆ ಅದು ಒಂದು ಹಂತದಲ್ಲಿ ನಿಂತು ಪ್ರಶ್ನೆ ಕೇಳುತ್ತಿತ್ತು. ಆ ಪ್ರಶ್ನೆಗೆ ಬೇಡ ಎಂದು ಉತ್ತರ ಕೊಟ್ಟರೆ ಅಲ್ಲಿಗೆ ಸುಮ್ಮನಾಗುತ್ತಿತ್ತು. ಬಿಡುವಿನ ಆಟಗಾರರ ಅಭಿಪ್ರಾಯಕ್ಕೆ ಬೆಲೆ ಇದ್ದದ್ದು ಆ ಒಂದು ಕ್ಷಣದಲ್ಲಿ.

*

ಕಳೆದ ವರ್ಷ ಊರಿಗೆ ಹೋದಾಗ ಅಟ್ಟದಿಂದ ಹಳೆಯ ಹಾರ್ಡ್ ಡಿಸ್ಕ್ ಇಳಿಸಿದೆ. ಅದೃಷ್ಟಕ್ಕೆ ತೆರೆಯಿತು. ಅಮ್ಮ ಆಡಿದ ಹನ್ನೊಂದು ಆಟಗಳು ಅಲ್ಲೇ ಇದ್ದವು. ಒಂದನ್ನು ಒತ್ತಿದೆ. ಉಚಿತ ಸಮಯ ಮುಗಿದಿದೆ ಎಂಬ ಅದೇ ಕಿಟಕಿ, ಹದಿನೆಂಟು ವರ್ಷದ ನಂತರವೂ. ಈಗ ನನ್ನ ಹತ್ತಿರ ಕಾರ್ಡಿದೆ, ಕೊಳ್ಳೋಣ ಎಂದು ಗುಂಡಿ ಒತ್ತಿದರೆ ಪುಟ ಇಲ್ಲ. ಮಾರಿದ ಅಂಗಡಿಯೇ ಇಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಆ ಕಾಲದ ಅಂಗಡಿಗಳು ಒಂದೊಂದಾಗಿ ಕೈ ಬದಲಾಯಿಸಿದವು ಅಥವಾ ಮುಚ್ಚಿದವು. ರಿಫ್ಲೆಕ್ಸಿವ್ ಅನ್ನು 2008ರಲ್ಲಿ ಅಮೆಜಾನ್ ಕೊಂಡಿತು, 2010ರಲ್ಲಿ ಅದರ ಆಟದ ತಾಣ ನಿಂತಿತು. ಯಾಹೂ ಗೇಮ್ಸ್ 2016ರಲ್ಲಿ ಮುಚ್ಚಿತು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಉಳಿಸುವ ಕೆಲಸವೂ ನಡೆದಿದೆ. ಇಂಟರ್‌ನೆಟ್ ಆರ್ಕೈವ್ ಹಳೆಯ ಶೇರ್‌ವೇರ್ ಸಿಡಿಗಳನ್ನೂ ಡಾಸ್ ಆಟಗಳನ್ನೂ ಕೂಡಿಟ್ಟಿದೆ. ಬ್ರೌಸರ್‌ನಲ್ಲಿ ಆಡುತ್ತಿದ್ದ ಫ್ಲ್ಯಾಶ್ ಆಟಗಳನ್ನು 2018ರಿಂದ ‘ಫ್ಲ್ಯಾಶ್‌ಪಾಯಿಂಟ್’ ಎಂಬ ಸ್ವಯಂಸೇವಕರ ಯೋಜನೆ ಕಾಪಾಡುತ್ತಿದೆ. ‘ಸಾಲಿಟೇರ್’ 2019ರಲ್ಲಿ, ‘ಬಿಜುವೆಲ್ಡ್’ 2020ರಲ್ಲಿ ರೊಚೆಸ್ಟರ್ ನಗರದ ಸ್ಟ್ರಾಂಗ್ ಮ್ಯೂಸಿಯಮ್ಮಿನ ಗೌರವ ಪಟ್ಟಿಗೆ ಸೇರಿದವು. ಆಟಗಳು ಹೀಗೆ ಉಳಿಯಬಹುದು. ಆಡಿ ಬಿಟ್ಟವರ ಮಾತನ್ನು ಉಳಿಸಲು ಮ್ಯೂಸಿಯಂ ಸಾಲದು, ಯಾರಾದರೂ ಕೂತು ಕೇಳಬೇಕು. ನಮ್ಮ ಊರುಗಳಲ್ಲಿ ಅಂಥ ಅಮ್ಮಂದಿರು, ಚಿಕ್ಕಮ್ಮಂದಿರು, ಮಧ್ಯಾಹ್ನದ ಗುಮಾಸ್ತರು ಈಗಲೂ ಇದ್ದಾರೆ. ಈ ಬರಹ ಓದುವ ವಿದ್ಯಾರ್ಥಿಗಳು ಅವರನ್ನು ಕೇಳಿ ಬರೆದಿಟ್ಟರೆ ಮುಂದಿನವರಿಗೆ ಅದೇ ಆಕರವಾಗುತ್ತದೆ.

ಆ ಸಂಜೆ ನಾನು ನೋಟ್‌ಬುಕ್ ಹಿಡಿದು ಅಮ್ಮನ ಮುಂದೆ ಕೂತೆ. ‘ಇದಕ್ಕೂ ಡಾಕ್ಟರೇಟ್ ಕೊಡ್ತಾರೇನೇ?’ ಎಂದು ನಕ್ಕಳು. ಕೈಯಲ್ಲಿ ಫೋನಿತ್ತು, ಅದರಲ್ಲೂ ಹರಳು ಜೋಡಿಸುವ ಆಟವೇ. ಈಗ ಗಂಟೆಯ ಮಿತಿ ಇಲ್ಲವಲ್ಲ, ಆಗಿನದಕ್ಕಿಂತ ಒಳ್ಳೆಯದಲ್ಲವೇ ಎಂದು ಕೇಳಿದೆ. ಪರದೆಯಲ್ಲಿ ಜಾಹೀರಾತು ಓಡುತ್ತಿತ್ತು. ಅದು ಮುಗಿಯುವುದನ್ನು ಕಾಯುತ್ತಲೇ ಹೇಳಿದಳು: ‘ಅದು ಗಂಟೆ ಆದ್ಮೇಲೆ ಬೇಕಾ ಬೇಡ್ವಾ ಅಂತ ಕೇಳೋದು. ಬೇಡ ಅಂದ್ರೆ ಬಿಡೋದು. ಇದು ಕೇಳೋದೂ ಇಲ್ಲ, ಬಿಡೋದೂ ಇಲ್ಲ ಕಣೇ.’

ಬರೆದುಕೊಂಡೆ. ಕೆಳಗೆ ತಾರೀಖು ಹಾಕಿದೆ.